ನೀಲಮ್ಮನ ಪರವಾಗಿ ಗಂಡ ಕೊಟ್ಟ ಉತ್ತರ

ದಾವಣಗೆರೆಯ ಗುರುಬಸಪ್ಪನವರು ಪಾತ್ರೆ ವ್ಯಾಪಾರಿ. ಅಂಗಡಿಗೆ ಬಂದ ಪ್ರತಿ ಕೊಳಗವನ್ನೂ ಬೆರಳಿನ ಗೆಣ್ಣಿನಿಂದ ಬಡಿದು, ಸದ್ದು ಕೇಳಿದ ಮೇಲೆಯೇ ಒಳಗಿಡಿಸುವವರು…

ಮನುಷ್ಯರನ್ನೂ ಹಾಗೆಯೇ ಬಡಿದು ನೋಡುವುದು ಅವರ ಸ್ವಭಾವ.

ಆ ವರ್ಷ ವರ್ತಕರ ಸಂಘದವರು ಹೆಂಡತಿಯರನ್ನು ಕರೆದುಕೊಂಡು ಸಿಂಗಾಪುರಕ್ಕೆ ಹೊರಟಿದ್ದರು. ಗುರುಬಸಪ್ಪನವರ ಪತ್ನಿ ನೀಲಮ್ಮನಿಗೆ ಅದೇ ಮೊದಲ ವಿಮಾನ ಪ್ರಯಾಣ.

"ಎಲ್ಲರೂ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಲೇಬೇಕು," ಎಂದರು ಟೂರಿನವರು.

ಗುರುಬಸಪ್ಪನವರ ಅನುಮಾನ ಅಲ್ಲಿಂದಲೇ ಶುರುವಾಯಿತು…

"ಈ ಟೂರಿನವನಿಗೂ ಇನ್ಶೂರೆನ್ಸ್‌ನವನಿಗೂ ಒಳಗೊಳಗೇ ಏನೋ ಇರ್ತದೆ ನೋಡು. ನಡುವೆ ನಾವು ಕುರಿಗಳು," ಎಂದು ಹೆಂಡತಿಯ ಮುಂದೆ ಗೊಣಗಿದರು.

ಟೂರಿನವರು ಕಳಿಸಿದ ತ್ರಿವೇಣಿ ಎಂಬ ಇನ್ಶೂರೆನ್ಸ್ ಏಜೆಂಟ್ ಮನೆಗೆ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ಮೃದು ಮಾತು. ಮೃದುವಾಗಿ ಮಾತಾಡುವವರನ್ನು ಕಂಡರೆ ಗುರುಬಸಪ್ಪನವರು ಇನ್ನಷ್ಟು ಹುಷಾರಾಗುತ್ತಿದ್ದರು.

ಆಕೆ ಎರಡು ಪಾಲಿಸಿಗಳನ್ನು ವಿವರಿಸಿದಳು. ಅಗ್ಗದ್ದರಲ್ಲಿ ಮೊದಲಿನಿಂದ ಇದ್ದ ಕಾಯಿಲೆಗೆ ಏನೂ ಸಿಗುವುದಿಲ್ಲ. ಇನ್ನೊಂದರಲ್ಲಿ ಸಿಗುತ್ತದೆ, ಆದರೆ ಇರುವುದನ್ನೆಲ್ಲ ಮೊದಲೇ ಹೇಳಬೇಕು.

"ಅಮ್ಮಾರಿಗೆ ಬಿಪಿ, ಶುಗರ್, ಉಬ್ಬಸ, ಎದೆನೋವು… ಏನಾದ್ರೂ ಇದೆಯಾ ಸರ್?"

"ಏನಿಲ್ಲ. ಗುಂಡುಕಲ್ಲು ಇದ್ದಂಗೆ ಇದಾಳೆ."

ತ್ರಿವೇಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನೀಲಮ್ಮನತ್ತ ತಿರುಗಿದಳು. "ಅಮ್ಮಾರೇ, ನೀವೇ ಹೇಳ್ರಿ."

ನೀಲಮ್ಮ ಸೆರಗು ಸರಿಮಾಡಿಕೊಂಡು, "ಅವರು ಹೇಳಿದ್ರಲ್ಲವ್ವ," ಎಂದರು.

ಆ ಮನೆಯಲ್ಲಿ ಅದು ಮೊದಲಿನಿಂದ ಬಂದ ರೂಢಿ. ನೀಲಮ್ಮನಿಗೆ ಹಸಿವಿದೆಯೇ, ಸೀರೆ ಯಾವ ಬಣ್ಣದ್ದು ಬೇಕು… ಯಾರು ಏನೇ ಕೇಳಲಿ, ಉತ್ತರ ಗುರುಬಸಪ್ಪನವರದೇ.

ತ್ರಿವೇಣಿ ಬಿಡಲಿಲ್ಲ. "ಮೆಟ್ಟಿಲು ಹತ್ತುವಾಗ ಏನಾದ್ರೂ ಆಗ್ತದಾ ಅಮ್ಮಾರೇ?"

ಗುರುಬಸಪ್ಪನವರ ಹುಬ್ಬು ಮೇಲೇರಿತು. ಇವಳ ಆಟ ಅರ್ಥವಾಯಿತು… ಅಮಾಯಕಳ ಬಾಯಿಂದ ಒಂದು ಕಾಯಿಲೆ ಹೊರಡಿಸಿ ದುಬಾರಿ ಪಾಲಿಸಿ ತಲೆಗೆ ಕಟ್ಟುವುದು.

"ಇಲ್ಲದ ರೋಗ ಹುಡುಕಬೇಡಮ್ಮ. ನಾನು ಬೇರೆಯವರ ಹತ್ರ ಮಾಡಿಸ್ಕೋತೀನಿ," ಎಂದು ಎದ್ದೇಬಿಟ್ಟರು.

ಆಕೆ ಕಾಫಿಯನ್ನೂ ಪೂರ್ತಿ ಕುಡಿಯದೆ ಹೊರಟುಹೋದಳು.

ಮರುದಿನ ಅಂಗಡಿಯಲ್ಲಿದ್ದಾಗ ಪಕ್ಕದ ಮನೆಯ ಹಾಲಪ್ಪನವರ ಫೋನ್ ಬಂತು. "ನಿನ್ನೆ ಬಂದಿದ್ದ ಆ ಇನ್ಶೂರೆನ್ಸ್ ಹೆಂಗಸು ಮತ್ತೆ ನಿಮ್ಮನೆ ಒಳಗೆ ಹೋದ್ಲಪ್ಪ. ನೀವಿಲ್ಲದ ಹೊತ್ತು ನೋಡ್ಕೊಂಡೇ ಬಂದಂಗಿದೆ."

ಗುರುಬಸಪ್ಪನವರ ರಕ್ತ ಕುದಿಯಿತು. ಸಹಿ ಹಾಕಿಸಿಕೊಳ್ಳಲು ಬಂದಿದ್ದಾಳೆ… ಬೇರೆ ಇನ್ನೇನು?

ಸ್ಕೂಟರ್ ಹತ್ತಿ ಮನೆಗೆ ಧಾವಿಸಿದರು. ಹಿತ್ತಲಿಗೆ ಹೋದರೆ, ತಾರಸಿಯ ಮೆಟ್ಟಿಲ ಮೇಲೆ ನೀಲಮ್ಮ ಕುಳಿತಿದ್ದರು. ಕಣ್ಣು ಒದ್ದೆಯಾಗಿತ್ತು. ಪಕ್ಕದಲ್ಲಿ ತ್ರಿವೇಣಿ, ತೊಡೆಯ ಮೇಲೆ ನೀಲಮ್ಮನ ಕೈಯಿಂದ ಇಸಿದುಕೊಂಡ ಒಗೆದ ಬಟ್ಟೆಯ ಬಕೆಟ್.

"ಏನಕ್ಕೆ ಸಹಿ ಹಾಕಿಸ್ಕೊಂಡೆ?"

"ಯಾವ ಸಹಿನೂ ಇಲ್ಲ ಸರ್. ಇವತ್ತು ಬ್ಯಾಗೇ ತಂದಿಲ್ಲ."

"ಹಂಗಾದ್ರೆ ನಮ್ಮನೇಲಿ ನಿನಗೇನು ಕೆಲಸ?"

ತ್ರಿವೇಣಿ ನಿಧಾನವಾಗಿ ಹೇಳಿದಳು. "ನಿನ್ನೆ ಕಾಫಿ ತಂದು ಇಟ್ಟ ಮೇಲೆ ಅಮ್ಮಾರು ಬಾಗಿಲು ಹಿಡ್ಕೊಂಡು ಸ್ವಲ್ಪ ಹೊತ್ತು ನಿಂತ್ರು ಸರ್. ಉಸಿರು ಸಿಗ್ತಿರಲಿಲ್ಲ ಅವರಿಗೆ. ನೀವು ಆ ಕಡೆ ಮುಖ ಮಾಡಿ ಕೂತಿದ್ರಿ… ಮನೆಗೆ ಹೋದ ಮೇಲೂ ನಂಗೆ ಸಮಾಧಾನ ಆಗಲಿಲ್ಲ. ಅದಕ್ಕೇ ಇವತ್ತು ಬಂದು ಕೇಳಿದೆ, ಅಮ್ಮಾರು ಎಲ್ಲಾ ಹೇಳಿದ್ರು."

ಗುರುಬಸಪ್ಪನವರು ಹೆಂಡತಿಯತ್ತ ನೋಡಿದರು. ನೀಲಮ್ಮ ತಲೆ ಎತ್ತಲಿಲ್ಲ.

"ಈ ಟೂರಿಗೆ ಅಗ್ಗದ್ದೂ ಬೇಡ, ದುಬಾರಿದೂ ಬೇಡ ಸರ್. ಮೊದಲು ಹೃದಯದ ಡಾಕ್ಟರಿಗೆ ತೋರಿಸ್ರಿ."

ಆಗಲೂ ಗುರುಬಸಪ್ಪನವರ ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕುತ್ತಿತ್ತು… ಆಸ್ಪತ್ರೆಯವರ ಜೊತೆಗೂ ಇವಳ ಒಪ್ಪಂದ ಇದ್ದೀತೇ? ಅದಕ್ಕೇ ಆಕೆಯನ್ನು ಯಾವ ಡಾಕ್ಟರೆಂದು ಕೇಳದೆ, ಹೆಂಡತಿಯನ್ನು ತಮಗೆ ತಿಳಿದ ಆಸ್ಪತ್ರೆಗೇ ಕರೆದೊಯ್ದರು.

ಡಾಕ್ಟರು ಕೇಳಿದರು. "ಎಷ್ಟು ದಿನದಿಂದ ಹೀಗಾಗ್ತಿದೆ?"

ರೂಢಿಯಂತೆ ಗುರುಬಸಪ್ಪನವರೇ ಬಾಯಿ ತೆರೆದರು…

ತೆರೆದವರು ಹೆಂಡತಿಯತ್ತ ತಿರುಗಿದರು.

"ರಾತ್ರಿ ಮಲಗಿದಾಗ ಉಸಿರು ಕಟ್ಟುತ್ತಾ? ಎಡಗೈ ನೋಯುತ್ತಾ?"

ಒಂದೂ ಗೊತ್ತಿರಲಿಲ್ಲ. ಒಂದೇ ಮಂಚದಲ್ಲಿ ಮಲಗುವ ಮನುಷ್ಯನಿಗೆ ಗೊತ್ತಿರಲಿಲ್ಲ.

ನೀಲಮ್ಮನೇ ಮೆಲ್ಲಗೆ ಒಂದೊಂದಾಗಿ ಹೇಳಿದರು. ಪರೀಕ್ಷೆ ಮಾಡಿದ ಡಾಕ್ಟರು ಆ ಸಂಜೆಯೇ ರಕ್ತನಾಳದ ಅಡ್ಡಿಯನ್ನು ತೆಗೆದು ಸ್ಟೆಂಟ್ ಹಾಕಿದರು. ಹೊರಗೆ ಬಂದು ಅವರು ಹೇಳಿದ್ದು ಇಷ್ಟೇ: "ಸದ್ಯ, ಈಗ ಕರ್ಕೊಂಡು ಬಂದ್ರಿ. ಪರದೇಶದಲ್ಲಿ ಆಗಿದ್ರೆ ಕಷ್ಟವಿತ್ತು."

ವಾರ್ಡಿನಲ್ಲಿ ಗುರುಬಸಪ್ಪನವರು ಹೆಂಡತಿಯ ಹಾಸಿಗೆಯ ಪಕ್ಕ ಕುಳಿತರು.

"ಅವಳ್ಯಾರೋ ಹೊರಗಿನೋಳಿಗೆ ಹೇಳಿದೆ. ನಂಗ್ಯಾಕೆ ಹೇಳ್ಲಿಲ್ಲ ನೀಲಾ?"

ನೀಲಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ.

"ಅವಳು ಕೇಳಿದ್ಲುರೀ… ಕೇಳಿ, ನಾನು ಹೇಳೋ ತನಕ ಸುಮ್ನೆ ಕೂತಿದ್ಲು."

ಗುರುಬಸಪ್ಪನವರ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಟೂರಿನವರೇ ಇರಬೇಕು… ತೆಗೆದು ನೋಡಲೂ ಇಲ್ಲ. ಸ್ಟೂಲನ್ನು ಹಾಸಿಗೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಈಗ ಕೇಳ್ತಿದೀನಿ. ಇನ್ನೂ ಏನೇನಿದೆ, ಎಲ್ಲಾ ಹೇಳು."

ನೀಲಮ್ಮ ಅವರತ್ತ ಮುಖ ತಿರುಗಿಸಿದರು. ಆಮೇಲೆ ಹೇಳತೊಡಗಿದರು…

ಗುರುಬಸಪ್ಪನವರು ನಡುವೆ ಬಾಯಿ ಹಾಕಲಿಲ್ಲ.

*

ಹೊರಗಿನವರು ಯಾಕೆ ಕೇಳುತ್ತಾರೆ ಎಂದು ಅನುಮಾನಪಡುವ ಮೊದಲು, ನಾವು ಯಾಕೆ ಕೇಳಲಿಲ್ಲ ಎಂದು ಕೇಳಿಕೊಳ್ಳಬೇಕು.

ನಿಮ್ಮ ಮನೆಯವರನ್ನು "ಹೇಗಿದ್ದೀಯಾ?" ಎಂದು ಕೇಳಿ, ಉತ್ತರ ಬರುವ ತನಕ ಕಾದು ಕೂತದ್ದು ನಿಮಗೆ ನೆನಪಿದೆಯೇ…?