ತಂಬೂರ ಕ್ರಾಸಿನ ಜಾಗ

ನಸೀಮಾಬಿ ಬರುವಷ್ಟರಲ್ಲಿ ದೇವಕ್ಕ ಅವಳ ಜಾಗದಲ್ಲಿ ತನ್ನ ಪೇರಲಹಣ್ಣಿನ ಬುಟ್ಟಿ ಊರಿ ಕೂತಾಗಿತ್ತು. ತಂಬೂರ ಕ್ರಾಸಿನಲ್ಲಿ ಬಸ್ಸಿನ ಬಾಗಿಲು ತೆರೆಯುವುದು ಸರಿಯಾಗಿ ಅಲ್ಲೇ. ಇಬ್ಬರದೂ ಒಂದೇ ತೋಟದ ಹಣ್ಣು. ಆದರೂ ಇಳಿದವರೆಲ್ಲ ನಸೀಮಾಬಿಯ ಬುಟ್ಟಿಗೇ ಕೈ ಹಾಕುವುದನ್ನು ನೋಡಿ ನೋಡಿ ದೇವಕ್ಕನ ಹೊಟ್ಟೆ ಉರಿದುಹೋಗಿತ್ತು.

‘ಇವತ್ತಿಂದ ನಾ ಇಲ್ಲೇ ಕೂಡಾಕಿ,’ ಎಂದಳು.

‘ಕೂಡಬೇ, ಜಾಗಾ ನಮ್ಮಪ್ಪಂದೇನ,’ ಎಂದ ನಸೀಮಾಬಿ ಇಪ್ಪತ್ತು ಮಾರು ಮುಂದೆ ಹೋಗಿ, ಕೆಂಪು ತೇಪೆ ಹಾಕಿದ ತನ್ನ ಹಳೇ ಛತ್ರಿ ಬಿಚ್ಚಿ ಕೂತಳು.

ಕಲಘಟಗಿ ಬಸ್ಸು ದೇವಕ್ಕನ ಮುಖಕ್ಕೆ ಧೂಳೆರಚಿ, ನೇರ ಹೋಗಿ ಛತ್ರಿಯ ಮುಂದೆ ನಿಂತಿತು. ದೇವಕ್ಕ ಬುಟ್ಟಿ ಹೊತ್ತು ಓಡಿದಳು. ‘ದಿನಾ ಅಲ್ಲೆ ನಿಲ್ಲಸ್ತಿದ್ರಿ. ಇವತ್ತೇನಾತ್ರಿ?’

ಡ್ರೈವರ ಕಿಟಕಿಯಿಂದ ತಲೆ ಹೊರಹಾಕಿದ. ‘ಇಲ್ಲಿ ಬೋರ್ಡ ಎಲ್ಲೈತಿ ಯಕ್ಕಾ? ನಾ ದಿನಾ ನಿಲ್ಲಸೂದು ಆಕಿ ಛತ್ರಿ ನೋಡಿ.’