ಪ್ರಫುಲ್ಲಾ ಮೇಡಂ ಕಳಿಸಿದ ಉತ್ತರ

ಹುಬ್ಬಳ್ಳಿಯಲ್ಲೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ರಕ್ತನಿಧಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ಅದರ ಕೆಲಸ.

ಆ ವರ್ಷ ಮೊದಲ ಬಾರಿಗೆ ಅವರು ಒಂದು ಗುಣಮಟ್ಟ ಪ್ರಶಸ್ತಿಗೆ ಅರ್ಜಿ ತುಂಬಿದರು.

ಹದಿನಾಲ್ಕನೇ ಪ್ರಶ್ನೆ: ಈ ವರ್ಷ ಬಂದ ದೂರುಗಳೆಷ್ಟು?

"ಸೊನ್ನೆ ಬರೀರಿ ಸರ್. ಪ್ರಶಸ್ತಿ ತೂಗು ಹಾಕಾಕ ಮೊಳೀನೂ ಹೊಡದೇನಿ," ಎಂದು ನಕ್ಕ ಮ್ಯಾನೇಜರ್ ಬಸವಂತ.

ಮಾಲೀಕ ಶ್ರೀಪಾದ ಸೊನ್ನೆ ಬರೆದರು. ಕೆಳಗೆ ಇನ್ನೊಂದು ಸಾಲಿತ್ತು... ಮಾಲೀಕರೇ ಒಬ್ಬ ಗ್ರಾಹಕರನ್ನು ಭೇಟಿಯಾಗಿ ಇದನ್ನು ಖಚಿತಪಡಿಸಿಕೊಳ್ಳಬೇಕು.

ಮರುದಿನ ಬೆಳಿಗ್ಗೆ ಪಕ್ಕದ ಜಿಲ್ಲೆಯ ರಕ್ತನಿಧಿಗೆ ಹೋದರು. ಟೆಕ್ನಿಷಿಯನ್ ನೀಲಮ್ಮ ಕೇಳಿದ ಮೊದಲ ಮಾತು...

"ಪ್ರಫುಲ್ಲಾ ಮೇಡಂ ಆರಾಮ ಅದಾರೇನ್ರಿ ಸರ್?"

ಕುರ್ಚಿ ಎಳೆದುಕೊಳ್ಳುತ್ತಿದ್ದ ಶ್ರೀಪಾದ ತಿರುಗಿ ನೋಡಿದರು.

ಅವರ ಕಂಪನಿಯಲ್ಲಿ ದೂರು ನೋಡುತ್ತಿದ್ದ ಪ್ರಫುಲ್ಲಾ ತೀರಿಕೊಂಡು ಮೂರು ವರ್ಷವಾಗಿತ್ತು.

"ನಿಮಗ... ಅವರು ಹೆಂಗ ಗೊತ್ತು?"

"ಗೊತ್ತಿಲ್ದೇನ್ರಿ! ನಿಮ್ಮ ಆಫೀಸಿನ್ಯಾಗ ಉತ್ತರ ಕೊಡಾಕಿ ಆಕಿ ಒಬ್ಬಾಕೀನ. ದೂರು ಬರದ ನಿಮಿಷಕ್ಕ ಉತ್ತರ ಬರತೈತಿ. ಬರ್ತೇನಿ ಅಂತಾರ, ಬರೂದು ಮಾತ್ರ ಇಲ್ಲ!"

ನೀಲಮ್ಮ ತೋರಿಸಿದ ಮೊಬೈಲಿನಲ್ಲಿ ಆಕೆ ಕಳಿಸಿದ ನಲವತ್ತೊಂದು ದೂರುಗಳು. ಪ್ರತಿಯೊಂದರ ಕೆಳಗೂ ಅದೇ ಉತ್ತರ...

"ಚಿಂತೆ ಮಾಡಬೇಡಿ, ನಾನು ಬಂದು ನೋಡುತ್ತೇನೆ. – ಪ್ರಫುಲ್ಲಾ."

ಕೊನೆಯದು ಬಂದದ್ದು ಅಂದೇ ಬೆಳಿಗ್ಗೆ 9.12ಕ್ಕೆ.

"ಏನು ದೂರು?" ಎಂದರು ಶ್ರೀಪಾದ.

"ಬ್ಯಾರೆ ಊರಿಂದ ಬಂದ ರಕ್ತಕ್ಕ ನಿಮ್ಮ ಸಾಫ್ಟ್‌ವೇರ್ ರಕ್ತ ತಗದ ತಾರೀಖ ಬಿಟ್ಟು ಇಲ್ಲಿಗೆ ಬಂದ ತಾರೀಖ ಹಿಡಿತೈತ್ರಿ. ಅವಧಿ ಮುಗದಿದ್ರೂ ತಾಜಾ ಅಂತ ತೋರಸ್ತೈತಿ. ಒಂದೊಂದ ಚೀಲದ ಚೀಟಿ ನಾನ ಓದಿ ಕೊಡ್ತೇನಿ. ಎಂಟ ತಿಂಗಳಾತು, ಒಂದ ದಿನಾನೂ ಸೂಟಿ ಹಾಕಿಲ್ಲ... ನಾ ಇಲ್ಲದ ದಿನ ಏನರ ಆದ್ರ?"

ಕಚೇರಿಗೆ ಮರಳಿ ಪ್ರಫುಲ್ಲಾರ ಮೇಲ್ ತೆರೆಸಿದರು. ದೂರುಗಳೆಲ್ಲ ಹೋಗುತ್ತಿದ್ದದ್ದು ಅಲ್ಲಿಗೇ.

ಚಿಕಿತ್ಸೆಗೆಂದು ನಾಲ್ಕು ದಿನ ರಜೆ ಹಾಕುವಾಗ ಆಕೆ ಇಟ್ಟುಹೋಗಿದ್ದ ತಾನಾಗಿ ಹೋಗುವ ಉತ್ತರವದು. ಆಕೆ ಮರಳಲಿಲ್ಲ.

ಆ ಹೆಸರು ಅಳಿಸಲು ಯಾರಿಗೂ ಮನಸ್ಸು ಬಂದಿರಲಿಲ್ಲ... ತೆರೆದು ಓದಲು ಧೈರ್ಯವೂ.

ಈ ವರ್ಷದ ಓದದ ದೂರುಗಳೇ ನೂರಾ ಹದಿನೇಳು.

"ಇದನ್ನ ಬರದ್ರ ಪ್ರಶಸ್ತಿ ಹೋದಂಗ ಸರ್..." ಬಸವಂತ ಮೆಲ್ಲಗೆ ಹೇಳಿದ.

"ನಮ್ಮ ಬದ್ಲಿ ಆ ನೀಲಮ್ಮ ಎಂಟ ತಿಂಗಳ ಕಾವಲ ಕುಂತಾಳೋ ಮಾರಾಯ," ಎಂದು ಶ್ರೀಪಾದ ಸೊನ್ನೆಯನ್ನು ಹೊಡೆದುಹಾಕಿ 117 ಎಂದು ಬರೆದರು.

ಪ್ರಶಸ್ತಿ ಬರಲಿಲ್ಲ.

ಆದರೆ ವಾರದೊಳಗೆ ತಾರೀಖಿನ ದೋಷ ಸರಿಹೋಯಿತು. ನೀಲಮ್ಮ ಎಂಟು ತಿಂಗಳಲ್ಲಿ ಮೊದಲ ಸಲ ರಜೆ ಹಾಕಿದರು.

ಅಂದು ಆ ಉತ್ತರವನ್ನು ನಿಲ್ಲಿಸಿ, ಶ್ರೀಪಾದರು ನೀಲಮ್ಮನಿಗೆ ಫೋನ್ ಮಾಡಿ, ಪ್ರಫುಲ್ಲಾ ತೀರಿಕೊಂಡು ಮೂರು ವರ್ಷವಾಯಿತೆಂಬ ನಿಜ ಹೇಳಿದರು. ಆ ಕಡೆಯಿಂದ ಅಳು ತುಂಬಿದ ದನಿ...

"ಹಂಗಾದ್ರ ಇಷ್ಟ ದಿನ ನನಗ ಚಿಂತಿ ಮಾಡಬ್ಯಾಡ ಅಂದವರು... ಯಾರ್ರಿ ಸರ್?"



*ದೂರೇ ಇಲ್ಲವೆಂದರೆ ತಪ್ಪಿಲ್ಲವೆಂದಲ್ಲ... ಕೇಳುವವರಿಲ್ಲ ಎಂದೂ ಇರಬಹುದು.*

ನಿಮ್ಮ ಕಚೇರಿಯಲ್ಲಿ, ನಿಮ್ಮ ಮನೆಯಲ್ಲಿ... ನೀವು ಕೊಡಬೇಕಾದ ಉತ್ತರವನ್ನು ಈಗ ಯಾರು ಕೊಡುತ್ತಿದ್ದಾರೆ?