ತವರದ ದನಿ

ಕುರುಗೋಡಿನ ಕಲಾಯಿ ಅಂಗಡಿಯಲ್ಲಿ ಗಾದಿಲಿಂಗಪ್ಪ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಮೂರನೇ ಸಲ ಬಗ್ಗಿಸಿದ. ಅಪ್ಪಟ ತವರ ಬಗ್ಗಿಸಿದರೆ ಕರಕರ ಅಳುತ್ತದೆ; ಸೀಸ ಬೆರೆತಿದ್ದರೆ ಸುಮ್ಮನಿರುತ್ತದೆ. ಅವನಿಗೆ ಏನೂ ಕೇಳಿಸಲಿಲ್ಲ.

"ಇದೂ ಕಲಬೆರಕಿನ. ಮಂದಿ ಉಣ್ಣೋ ಪಾತ್ರಿಗೆ ನಾ ಸೀಸ ಬಳಿಯಂಗಿಲ್ಲ. ಶಿವಬಸಮ್ಮಾರ, ನಿಮ್ಮ ಬೋಗುಣಿ ವಾಪಸ್ ಒಯ್ರಿ. ಅಂಗಡಿ ಇವತ್ತಿಗೆ ಮುಗೀತು," ಎಂದು ಕಡ್ಡಿಯನ್ನು ಒಗೆದ. ಈ ತಿಂಗಳು ಬಳ್ಳಾರಿಯಿಂದ ತರಿಸಿದ ಎರಡು ಕಡ್ಡಿಗಳನ್ನೂ ಹೀಗೆಯೇ ಹಿಂದಕ್ಕೆ ಕಳಿಸಿದ್ದ.

ಕುಲುಮೆಯ ಮುಂದೆ ಕುಳಿತಿದ್ದ ಮಗಳು ಹೊನ್ನೂರಮ್ಮ ಕಡ್ಡಿಯನ್ನು ಎತ್ತಿಕೊಂಡು ಬಗ್ಗಿಸಿದಳು. ಕರಕರ ಎಂದಿತು. ಬೋಗುಣಿಯನ್ನು ಸೊಂಟಕ್ಕೇರಿಸಿದ್ದ ಶಿವಬಸಮ್ಮನಿಗೂ ಕೇಳಿಸಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ನಲವತ್ತು ವರ್ಷ ಕಿವಿಯನ್ನೇ ನಂಬಿ ದುಡಿದವನಿಗೆ ಕಿವಿ ಮಂದವಾಗಿದೆ ಎಂದು ಹೇಳುವುದು ಹೇಗೆ? ಹೊನ್ನೂರಮ್ಮ ಕ್ಷಣ ಯೋಚಿಸಿ, ಕಡ್ಡಿಯ ತುದಿಯನ್ನು ಅಪ್ಪನ ಬಾಯಿಗೆ ಹಿಡಿದಳು.

"ಅಪ್ಪಾ, ಇದನ್ನ ಹಲ್ಲಾಗ ಕಚ್ಚಿ ಬಗ್ಗಸು!" ಎಂದು ಕೂಗಿದಳು.

"ಕಬ್ಬೇನವಾ ಇದು, ಕಚ್ಚಾಕ?" ಎಂದು ಗೊಣಗುತ್ತಲೇ ಅವನು ಕಚ್ಚಿ ಹಿಡಿದು, ಇನ್ನೊಂದು ತುದಿಯನ್ನು ಮೆಲ್ಲಗೆ ಬಗ್ಗಿಸಿದ. ಹಲ್ಲಿನಿಂದ ದವಡೆಗೆ, ದವಡೆಯಿಂದ ನೆತ್ತಿಗೆ ಕರಕರ ಏರಿತು. ಕಣ್ಣರಳಿಸಿ ಮತ್ತೊಮ್ಮೆ ಬಗ್ಗಿಸಿದ. ಇನ್ನೊಮ್ಮೆ. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕುಬಿಟ್ಟ.

"ಶಿವಬಸಮ್ಮಾರ, ಬೋಗುಣಿ ಇಳಸ್ರಿ! ತವರಕ್ಕೇನೂ ಆಗಿಲ್ಲ, ಕೆಟ್ಟಿದ್ದು ನನ್ನ ಕಿವಿ. ಹಲ್ಲು ಇರೋತನಕ ಈ ಅಂಗಡಿ ಮುಚ್ಚಂಗಿಲ್ಲ!"